ಎಲ್ಲಾ ರಿಪೋರ್ಟೂ ನಾರ್ಮಲ್

ಕಾಫಿ ಕೊಯ್ಲಿನ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ತಮ್ಮನನ್ನು ಮಡಿಕೇರಿಗೆ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಸೋಮವಾರಪೇಟೆಯಿಂದ ಬೆಳಗಿನ ಬಸ್ಸು. ಅವನು ಕಿಟಕಿ ಪಕ್ಕ ಕೂರಲಿಲ್ಲ. ಮೊಬೈಲಿನ ಕ್ಯಾಮೆರಾಕ್ಕೆ ಗಾಯದ ಪಟ್ಟಿ ಅಂಟಿಸಿದ್ದ. ಅಂಚೆಲ್ಲ ಕೊಳೆಯಾಗಿ ಸುರುಳಿ ಎದ್ದಿತ್ತು. ಅಂದರೆ ಅಂಟಿಸಿ ತುಂಬಾ ದಿನ ಆಗಿದೆ. ನಾನು ನೋಡಿದ್ದು ಅವತ್ತೇ.

ಫೈಲು ಅಪ್ಪನ ಕೈಯಲ್ಲಿ. ಥೈರಾಯ್ಡ್, ಬಿ12, ಎಂಆರ್‌ಐ, ಎಲ್ಲಾ ನಾರ್ಮಲ್. ಅದೇ ಅಪ್ಪನಿಗೆ ಬೇಜಾರು.

"ರಕ್ತದಲ್ಲಿ ಗೊತ್ತಾಗಲ್ವಾ ಡಾಕ್ಟ್ರೇ?"

"ಸೈಕೋಸಿಸ್, ಅಂದ್ರೆ ಇಲ್ಲದ್ದು ಇದೆ ಅನ್ನಿಸೋ ಮನಸ್ಸಿನ ಕಾಯಿಲೆ, ಅದನ್ನ ಹಿಡಿಯೋ ಬ್ಲಡ್ ಟೆಸ್ಟ್ ಇನ್ನೂ ಬಂದಿಲ್ಲ. ಇವೆಲ್ಲ ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ."

ಅಂಥ ಟೆಸ್ಟಿಗೆ ಹುಡುಕಾಟವಂತೂ ನಡೆದಿದೆಯಂತೆ. ಟಿಕ್ ಟಿಕ್ ಎಂದು ಒಂದೇ ಸದ್ದು ಕೇಳಿಸುತ್ತಾ ನಡುವೆ ಬೇರೆ ಸದ್ದು ಬಂದರೆ ಮೆದುಳು ತಟ್ಟನೆ ಎಚ್ಚೆತ್ತುಕೊಳ್ಳುತ್ತದೆ. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಆಗ ಕಾಣುವ ಅಲೆ ಈ ಕಾಯಿಲೆ ಇರುವವರಲ್ಲಿ ಸಣ್ಣದು. ಕೆಲವರಲ್ಲಿ ಕಾಯಿಲೆ ಪೂರ್ತಿ ಕಾಣಿಸಿಕೊಳ್ಳುವ ಮೊದಲೇ ಸಣ್ಣದಾಗಿರುತ್ತದಂತೆ. ಆದರೆ ನೂರಾರು ಜನರನ್ನು ಹೋಲಿಸಿದಾಗ ಸಿಗುವ ವ್ಯತ್ಯಾಸ ಅದು. ಎದುರಿಗೆ ಕೂತ ಒಬ್ಬ ಹುಡುಗನ ಬಗ್ಗೆ ಅದನ್ನು ನೋಡಿ ಹೇಳೋಕಾಗಲ್ಲ.

ಅಪ್ಪನಿಗೆ ಸಮಾಧಾನವಿಲ್ಲ. ಅರೇಬಿಕಾ ಗಿಡದ ಕಾಂಡಕ್ಕೆ ಕೈ ಸವರಿ, ತೊಗಟೆ ಉಬ್ಬಿದ್ದರೆ ಒಳಗೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಇದೆ ಅಂತ ಹೇಳುವವರು ಅವರು. ಎಲೆ ಹಳದಿಯಾಗುವ ತನಕ ಕಾದರೆ ಗಿಡ ಹೋದಂತೆಯೇ. "ಅಂಥ ಒಂದು ಉಬ್ಬೂ ಇಲ್ವಾ ಇದಕ್ಕೆ?" ಎಂದು ಕೇಳಿಯೇ ಬಿಟ್ಟರು.

ಡಾಕ್ಟ್ರು ಪೆನ್ನು ತೆಗೆದುಕೊಂಡರು. ನಿದ್ದೆ ಯಾವಾಗಿನಿಂದ ಕೆಟ್ಟಿದೆ? ಸ್ನೇಹಿತರ ಜೊತೆ ಮಾತು ಬಿಟ್ಟದ್ದು ಯಾವಾಗ? ಸ್ನಾನ? ಚಿಕಿತ್ಸೆ ಶುರುವಾಗದೆ ಎಷ್ಟು ತಿಂಗಳು ಕಳೆದಿದೆ ಅನ್ನೋದು ಮುಖ್ಯವಂತೆ. ಅದು ಉದ್ದವಾದಷ್ಟೂ ಚೇತರಿಕೆ ಕಷ್ಟ.

ಅಮ್ಮ ಮಳೆಗಾಲದಿಂದ ಅಂದರು. ಅಪ್ಪ, ದಸರಾ ಆದ ಮೇಲೆ ಅಂದರು. ಇಬ್ಬರಿಗೂ ಅಲ್ಲೇ ಸಣ್ಣ ಜಗಳ. ನಾನು ಹೂಮಳೆ ಟೈಮು ಅಂದೆ, ಮಳೆಗಾಲಕ್ಕೂ ಮುಂಚೆ ಕಾಫಿ ಹೂವು ಅರಳಿಸೋ ಮಳೆ. "ಟಿವಿಯಲ್ಲಿ ನನ್ನ ಹೆಸರು ಹೇಳ್ತಿದಾರೆ" ಅಂತ ಅವನು ಅಂದದ್ದು ಆಗಲೇ. ನಾನು ಜೋರಾಗಿ ನಕ್ಕಿದ್ದೆ. ಡಾಕ್ಟ್ರು ಅದನ್ನೂ ಬರೆದುಕೊಂಡರು. ತಮ್ಮನನ್ನು ಕೇಳಿದಾಗ ಸುಮ್ನೆ ನೆಲ ನೋಡುತ್ತಾ ಕೂತ.

ಮದ್ದು ತಗೊಂಡು ವಾಪಸ್ ಬಸ್ಸು ಹತ್ತಿದೆವು. ಮಾದಾಪುರ ದಾಟಿದ ಮೇಲೆ ಅವನು ಪಟ್ಟಿಯ ಅಂಚನ್ನು ಉಗುರಲ್ಲಿ ಕೆರೆಯುತ್ತಾ ಮೆಲ್ಲಗೆ ಹೇಳಿದ.

"ಅಕ್ಕಾ, ಹೂಮಳೆ ಅಲ್ಲ. ಅದಕ್ಕೂ ಮುಂಚೆ. ಮೆಣಸು ಕೊಯ್ಯೋವಾಗ."