ಜುಲಾಬಿನ ನೀರು ಎಲ್ಲಿಂದ ಬರುತ್ತದೆ?

ಕಳೆದ ಮಳೆಗಾಲದಲ್ಲಿ ಯಾದಗಿರಿಯ ನಮ್ಮ ಓಣಿಯಲ್ಲಿ ನಳದ ನೀರು ಕೆಟ್ಟು, ಅವ್ವನಿಗೆ ಒಂದೇ ರಾತ್ರಿ ಹತ್ತು ಹನ್ನೆರಡು ಸಲ ಜುಲಾಬು ಆಯಿತು. ಊಟವನ್ನೇ ಮಾಡಿಲ್ಲ, ಇಷ್ಟು ನೀರು ಎಲ್ಲಿಂದ ಬಂತು ಅಂತ ನನಗೆ ಗಾಬರಿ.

ಅದು ಮೈಯದೇ ನೀರು. ಕಾಲರಾ ರೋಗಾಣು ಬಿಡುವ ವಿಷವನ್ನೇ ನೋಡಿ. ಅದರ ಐದು ಹಿಡಿಕೆಗಳು ಸಣ್ಣ ಕರುಳಿನ ಒಳಪದರದ ಕೋಶಗಳ ಮೇಲಿರುವ ಜಿಎಂ1 ಅನ್ನುವ ಕೊಬ್ಬಿನ ಕಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಆಮೇಲೆ ವಿಷದ ಇನ್ನೊಂದು ತುಂಡು ಒಳಗೆ ನುಗ್ಗಿ ಕೋಶದ ಒಂದು ಸ್ವಿಚ್ಚನ್ನು ಆನ್ ಮಾಡಿ ಹಾಗೇ ಬಿಟ್ಟುಬಿಡುತ್ತದೆ. ಆಗ ಉಪ್ಪಿನ ಒಂದು ಅಂಶವಾದ ಕ್ಲೋರೈಡ್ ಕೋಶದಿಂದ ಕರುಳಿಗೆ ಸುರಿಯುತ್ತದೆ. ಅದರ ಹಿಂದೆ ಉಪ್ಪಿನ ಇನ್ನೊಂದು ಅಂಶವಾದ ಸೋಡಿಯಂ, ನೀರು. ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾದ ಒಂದು ಬಗೆಯ ವಿಷವೂ ಹೀಗೇ. 1959ರಲ್ಲಿ ಮೊಲದ ಕರುಳಿನಲ್ಲಿ ಕಾಲರಾ ವಿಷವನ್ನು ತೋರಿಸಿಕೊಟ್ಟವರು ಕಲ್ಕತ್ತೆಯ ವಿಜ್ಞಾನಿ ಶಂಭುನಾಥ್ ಡೇ. ಅವರ ಹೆಸರು ಶಾಲೆಯಲ್ಲಿ ನನಗೆ ಯಾರೂ ಹೇಳಲಿಲ್ಲ, ಬೇಜಾರಾಗುತ್ತದೆ.

ಆದರೆ ಸಕ್ಕರೆ ಜೊತೆ ಉಪ್ಪನ್ನು ಎಳೆದುಕೊಳ್ಳುವ ಬಾಗಿಲನ್ನು ಈ ವಿಷ ಮುಚ್ಚುವುದಿಲ್ಲ. ಉಪ್ಪಿನ ಹಿಂದೆ ನೀರೂ ಮೈಯೊಳಗೆ ಹೋಗುತ್ತದೆ. ಓಆರ್‌ಎಸ್, ಅಂದರೆ ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಸಕ್ಕರೆ ಪುಡಿ, ಕೆಲಸ ಮಾಡುವುದು ಅದಕ್ಕೇ ಅಲ್ವಾ! ನೀರು ಕೊಟ್ಟರೆ ಜುಲಾಬು ಜಾಸ್ತಿ ಆಗುತ್ತದೆ ಅಂತ ಪಕ್ಕದ ಮನೆ ಕಾಕಿ ತಡೆದರು. ನಾನು ಕೇಳಲಿಲ್ಲ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪಾಕೀಟು ಹಾಕಿ, ಬೆಳಗಿನ ತನಕ ಗುಟುಕು ಗುಟುಕಾಗಿ ಕುಡಿಸಿದೆ.