ಹೆಂಡತಿ ಮಸ್ಕತ್‌ನಲ್ಲಿ ಹುಟ್ಟಿದ್ದಳು

ನನ್ನ ಹೆಂಡತಿ ಹುಟ್ಟಿದ್ದು ಒಮಾನ್ ದೇಶದ ಮಸ್ಕತ್‌ನಲ್ಲಿ. ಮಾವ ಕುಂದಾಪುರದ ಕಡೆಯವರು, ಆಗ ಅಲ್ಲಿ ಕೆಲಸದಲ್ಲಿದ್ದರು. ಅವಳಿಗೆ ಮೂರು ವರ್ಷ ತುಂಬುವ ಮೊದಲೇ ಎಲ್ಲರೂ ಊರಿಗೆ ವಾಪಸ್ ಬಂದರು. ಆ ಊರಿನ ಒಂದು ನೆನಪೂ ಅವಳಿಗಿಲ್ಲ. ಆದರೆ ನಮಗೆ ಅಮೆರಿಕದ ಗ್ರೀನ್ ಕಾರ್ಡ್ ಬೇಗ ಸಿಕ್ಕಿದ್ದು ಅವಳು ಅಲ್ಲಿ ಹುಟ್ಟಿದ ಒಂದೇ ಕಾರಣಕ್ಕೆ.

ನನ್ನ ಗೆಳೆಯನೊಬ್ಬನಿದ್ದಾನೆ. ಅವನೂ, ಅವನ ಹೆಂಡತಿಯೂ ಹುಟ್ಟಿದ್ದು ದಾವಣಗೆರೆಯಲ್ಲಿ. ನಾನೂ ಅವನೂ 2012ರಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಆಸ್ಟಿನ್‌ಗೆ ಬಂದೆವು. ಒಂದೇ ಕಂಪನಿ, ಒಂದೇ ಟೀಮು, ಚಿಪ್ ಡಿಸೈನ್ ಕೆಲಸ. ಕೆಲಸದಲ್ಲಿ ಅವನು ನನಗಿಂತ ಮೇಲು. ಸ್ನೇಹಕ್ಕೆ ಹೇಳುತ್ತಿರುವ ಮಾತಲ್ಲ ಇದು, ನಮ್ಮ ಟೀಮಿನಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಅವನು ಇನ್ನೂ ಕಾಯುತ್ತಿದ್ದಾನೆ.

ಇಬ್ಬರಿಗೂ ಕಂಪನಿ ಪರ್ಮ್ ಹಾಕಿದ್ದು 2016ರಲ್ಲಿ, ಮೂರು ವಾರದ ಅಂತರದಲ್ಲಿ. ಈ ಕೆಲಸಕ್ಕೆ ತಕ್ಕ ಅಮೆರಿಕದವರು ಸಿಗಲಿಲ್ಲ ಎಂದು ಜಾಹೀರಾತು ಕೊಟ್ಟು, ಲೇಬರ್ ಇಲಾಖೆಗೆ ತೋರಿಸಿ ಕೊಡುವ ಅರ್ಜಿ ಅದು. ಆ ಅರ್ಜಿ ಹಾಕಿದ ದಿನವೇ ನಮ್ಮ ಪ್ರಯಾರಿಟಿ ಡೇಟ್. ಸಾಲಿನಲ್ಲಿ ನಮ್ಮ ಜಾಗ ಅಂದರೆ ಅದೇ. ಆಮೇಲೆ ಐ-140, ಅಂದರೆ ಇವನಿಗೆ ಗ್ರೀನ್ ಕಾರ್ಡ್ ಕೊಡಿ ಎಂದು ಕಂಪನಿ ಹಾಕುವ ಅರ್ಜಿ. ಅದೂ ಇಬ್ಬರಿಗೂ ಇಬಿ-2, ಅಂದರೆ ಉನ್ನತ ಪದವಿ ಬೇಕಾದ ಕೆಲಸದ ವರ್ಗದಲ್ಲಿ ಪಾಸಾಯಿತು. ಉಳಿದಿದ್ದು ಐ-485 ಒಂದೇ, ಗ್ರೀನ್ ಕಾರ್ಡಿನ ಕೊನೆಯ ಅರ್ಜಿ. ಸಾಲು ನಿಂತಿರುವುದೇ ಅಲ್ಲಿ.

1990ರ ಕಾನೂನಿನ ಪ್ರಕಾರ ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಇದೇ ಲೆಕ್ಕದಲ್ಲಿ ಬರುತ್ತಾರೆ. ಯಾವ ಒಂದು ದೇಶಕ್ಕೂ ಶೇಕಡಾ 7ಕ್ಕಿಂತ ಜಾಸ್ತಿ ಹೋಗುವಂತಿಲ್ಲ, ಬೇರೆಯವರು ಬಳಸದೆ ಉಳಿದರೆ ಮಾತ್ರ ಜಾಸ್ತಿ ಸಿಗುತ್ತದೆ. ಭಾರತಕ್ಕೂ ಅಷ್ಟೇ, ಒಮಾನ್‌ನಂಥ ಪುಟ್ಟ ದೇಶಕ್ಕೂ ಅಷ್ಟೇ. ಅದಕ್ಕೇ ಭಾರತದವರ ಸಾಲು ಅಷ್ಟು ಉದ್ದ, ಪುಟ್ಟ ದೇಶದವರಿಗೆ ಆ ಕಾಯುವಿಕೆ ಇಲ್ಲ. ದೇಶ ಅಂದರೆ ಪಾಸ್‌ಪೋರ್ಟ್ ಕೊಟ್ಟ ದೇಶ ಅಲ್ಲ, ಹುಟ್ಟಿದ ದೇಶ. ಅಷ್ಟೇ ಅಲ್ಲ, ಗಂಡ ಹೆಂಡತಿ ಒಟ್ಟಿಗೆ ಅರ್ಜಿ ಹಾಕುವಾಗ ಇಬ್ಬರಲ್ಲಿ ಯಾರು ಹುಟ್ಟಿದ ದೇಶದ ಲೆಕ್ಕವನ್ನಾದರೂ ಬಳಸಬಹುದು. ಇದಕ್ಕೆ ಕ್ರಾಸ್ ಚಾರ್ಜಬಿಲಿಟಿ ಅನ್ನುತ್ತಾರೆ.

ಇದು ನನಗೆ ಗೊತ್ತಾಗಿದ್ದು 2018ರಲ್ಲಿ, ಒಂದು ಊಟದ ಮನೆಯಲ್ಲಿ. ಅಲ್ಲಿದ್ದ ಹಿರಿಯರೊಬ್ಬರು ಮಾತಿಗೆ ಮಾತು ಬಂದು, 'ನಿಮ್ಮ ಮನೆಯವರು ಹುಟ್ಟಿದ್ದೆಲ್ಲಿ?' ಎಂದು ಕೇಳಿದರು. ಉತ್ತರ ಕೇಳಿ ತಟ್ಟೆ ಕೆಳಗಿಟ್ಟು, 'ನಾಳೆ ಬೆಳಿಗ್ಗೆಯೇ ವಕೀಲರಿಗೆ ಫೋನ್ ಮಾಡಿ' ಅಂದರು. ಕಂಪನಿಯ ವಕೀಲರ ಹತ್ತಿರ ನಮ್ಮ ಕಾಗದವೆಲ್ಲ ಇತ್ತು. ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಊರು ಮಸ್ಕತ್ ಎಂದು ಅಚ್ಚಾಗೇ ಇತ್ತು. ವರ್ಷಗಟ್ಟಲೆ ಯಾರೂ ನೋಡಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ: ನಿಮ್ಮಲ್ಲಿ ಯಾರಾದರೂ ಕುವೈತ್, ದುಬೈ, ಬಹ್ರೇನ್ ಎಲ್ಲೇ ಹುಟ್ಟಿದ್ದರೂ ಮೊದಲ ದಿನವೇ ವಕೀಲರಿಗೆ ನೀವಾಗಿಯೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

ಆಮೇಲಿನದೆಲ್ಲ ಬೇಗ ಆಯಿತು. ಅರಬ್ಬಿ ಭಾಷೆಯ ಜನನ ಪತ್ರ ಹುಡುಕಿಸಿ, ಅನುವಾದ ಮಾಡಿಸಿ, ಇಬ್ಬರೂ ಐ-485 ಹಾಕಿದೆವು. 2019ರಲ್ಲಿ ಇಂಟರ್‌ವ್ಯೂ. ಕೆಲವು ವಾರದಲ್ಲಿ ಕಾರ್ಡು ಅಂಚೆಯಲ್ಲಿ ಬಂತು. ಗೆಳೆಯನಿಗೆ ಹೇಗೆ ಹೇಳಬೇಕೋ ತಿಳಿಯದೆ ಎರಡು ದಿನ ಸುಮ್ಮನಿದ್ದೆ. ಅವನೇ ಸಿಹಿ ತಂದು ಮನೆಗೆ ಬಂದ.

ಅವನ ಸಾಲಿನ ಕಥೆ ಬೇರೆ. 2020ರ ಅಕ್ಟೋಬರ್‌ನಲ್ಲಿ ಭಾರತದ ಇಬಿ-3 (ಇಬಿ-2ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ವರ್ಗ) ಫೈಲಿಂಗ್ ದಿನಾಂಕ ಒಮ್ಮೆಲೇ 2015ರ ಜನವರಿ 1ಕ್ಕೆ ಹಾರಿತು. ಪ್ರಯಾರಿಟಿ ಡೇಟ್ ಅದಕ್ಕಿಂತ ಹಿಂದಿದ್ದವರು ಐ-485 ಹಾಕಬಹುದು. ಎಷ್ಟೋ ಜನ ಇಬಿ-2 ಬಿಟ್ಟು ಇಬಿ-3ಕ್ಕೆ ಇಳಿದು ಅರ್ಜಿ ಹಾಕಿದರು. ಇವನದು 2016, ತಪ್ಪಿಹೋಯಿತು. 2022ರಲ್ಲಿ ಇಬಿ-2 ದಿನಾಂಕ 2014ರ ಡಿಸೆಂಬರ್ 1ರವರೆಗೆ ಬಂತು. ಇನ್ನೇನು ಅನ್ನುವಷ್ಟರಲ್ಲಿ, ಅದೇ ವರ್ಷದ ಕೊನೆಗೆ ಈ ದಿನಾಂಕಗಳನ್ನು ಸರ್ಕಾರ ತಿಂಗಳಿಗೊಮ್ಮೆ ಹೇಳುವ ವೀಸಾ ಬುಲೆಟಿನ್‌ನಲ್ಲಿ ಅದು 2011ಕ್ಕೆ ಹಿಂದೆ ಸರಿಯಿತು. ಆ ತಿಂಗಳಿಂದ ಅವನು ಬುಲೆಟಿನ್ ನೋಡುವುದನ್ನೇ ಬಿಟ್ಟ. ಅವನ ಹೆಂಡತಿ ನೋಡುತ್ತಾಳೆ, ಅವನಿಗೆ ಹೇಳುವುದಿಲ್ಲ.

ಎಚ್-1ಬಿ ಆರು ವರ್ಷಕ್ಕೆ ಮುಗಿಯಬೇಕು. ಐ-140 ಪಾಸಾಗಿ ಸಾಲಿನಲ್ಲಿರುವವರಿಗೆ ಮೂರು ಮೂರು ವರ್ಷ ಮುಂದುವರಿಸುತ್ತಾರೆ, 2000ದ ಒಂದು ಕಾನೂನಿನ ದಯೆ. ಹಾಗಾಗಿ ಅವನ ಕೆಲಸಕ್ಕೆ ತೊಂದರೆ ಇಲ್ಲ. ನನ್ನ ಹೊಟ್ಟೆ ಉರಿಯುವುದು ಮಗಳ ವಿಷಯಕ್ಕೆ. ಐದು ವರ್ಷದ ಮಗುವಾಗಿ ಬಂದವಳಿಗೆ ಈಗ 19. ಎಚ್-4, ಅಂದರೆ ಎಚ್-1ಬಿಯವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾದ ಮೇಲಿರುವ ಮಕ್ಕಳು ದುಡಿಯುವಂತಿಲ್ಲ. ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ ಗೆಳತಿಯರೆಲ್ಲ ಐಸ್‌ಕ್ರೀಮ್ ಅಂಗಡಿಗೆ ಕೆಲಸಕ್ಕೆ ಹೋದರೆ ಇವಳು ಮನೆಯಲ್ಲಿ. 21 ತುಂಬಿದರೆ ಅಪ್ಪನ ಅರ್ಜಿಯಿಂದಲೇ ಹೊರಗೆ. ತಾನು ಬೆಳೆದ ಊರಿನಲ್ಲೇ ವಿದೇಶಿ ವಿದ್ಯಾರ್ಥಿಯಾಗಿ ವೀಸಾ ಕೇಳಬೇಕು. ಇದು ನ್ಯಾಯ ಅಲ್ವಾ ಅಂತ ಯಾರಾದರೂ ವಾದ ಮಾಡಿದರೆ ನನಗೆ ಕೇಳುವ ಸಹನೆ ಇಲ್ಲ.

ಈಗ ಉಳಿದಿರುವ ದಾರಿ ಇಬಿ-1ಎ, ಅಸಾಧಾರಣ ಸಾಮರ್ಥ್ಯದವರ ವರ್ಗ. ಇದಕ್ಕೆ ಕಂಪನಿ ಬೇಕಿಲ್ಲ, ಪರ್ಮ್ ಬೇಕಿಲ್ಲ, ತಾನೇ ಅರ್ಜಿ ಹಾಕಬಹುದು. ಹತ್ತು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ತೋರಿಸಬೇಕು: ಬರೆದ ಪೇಪರ್‌ಗಳು, ಬೇರೆಯವರ ಪೇಪರ್ ಪರಿಶೀಲಿಸಿದ್ದು, ಸ್ವಂತದ ದೊಡ್ಡ ಕೊಡುಗೆ, ಹೀಗೆ. ಮೂರು ತೋರಿಸಿದ ಮೇಲೂ ಅಧಿಕಾರಿ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡುತ್ತಾರೆ. ಭಾರತಕ್ಕೆ ಇಬಿ-1ರಲ್ಲೂ ಸಾಲು ಇದೆ. ಆದರೆ ಹಳೆಯ 2016ರ ದಿನಾಂಕ ಇವನ ಜೊತೆ ಬರುತ್ತದೆ, ಆ ಸಾಲು 2016 ದಾಟಿ ಎಷ್ಟೋ ಮುಂದಿದೆ. ಮಗಳಿಗೆ 21 ಆಗುವ ಮೊದಲು ಪಾಸಾದರೆ ಅವಳೂ ಒಳಗೆ.

ಈ ಭಾನುವಾರ ಅವನು ಫೈಲು ಹಿಡಿದು ಮನೆಗೆ ಬರುತ್ತಾನೆ. ಏಳು ಶಿಫಾರಸು ಪತ್ರಗಳಲ್ಲಿ ಆರು ಬಂದಿವೆ. ಏಳನೆಯದು ನನ್ನದು. 2014ರಲ್ಲಿ ಟೇಪ್‌ಔಟ್‌ಗೆ, ಅಂದರೆ ಚಿಪ್‌ನ ವಿನ್ಯಾಸವನ್ನು ತಯಾರಿಕೆಗೆ ಕಳಿಸುವುದಕ್ಕೆ, ಒಂಬತ್ತು ದಿನ ಇದ್ದಾಗ ಯಾರಿಗೂ ಕಾಣದ ಕ್ಲಾಕ್ ದೋಷವೊಂದನ್ನು ಅವನು ಹಿಡಿದ. ಚಿಪ್ ಅಂದರೇನು ಅಂತ ಗೊತ್ತಿಲ್ಲದ ಅಧಿಕಾರಿಗೂ ಅದು ಅರ್ಥವಾಗುವ ಹಾಗೆ ಬರೆಯಬೇಕು. ಮೂರು ಸಲ ಬರೆದು ಹರಿದಿದ್ದೇನೆ. ಇವತ್ತು ರಾತ್ರಿ ಮತ್ತೆ ಕೂರುತ್ತೇನೆ.