ಅವ್ವನ ಚಿಂತೆ, ಪೌಲನ ಚಿಂತೆ

13 ನವೆಂಬರ್ 2024, ಬುಧವಾರ
ಧಾರವಾಡ

ಅವ್ವನ ಕತ್ತಿನ ಗಂಟಿನ ಬಯಾಪ್ಸಿ ರಿಪೋರ್ಟ್ ಇನ್ನೂ ಬಂದಿಲ್ಲ. ಶುಕ್ರವಾರ ಬನ್ನಿ ಅಂದಿದ್ದಾರೆ.

ಸಂಜೆ ನಮ್ಮ ಚರ್ಚಿನ ಸಭೆಯವರು ಕೆಲವರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಎಲ್ಲರೂ ಪ್ರೀತಿಯಿಂದ ಬಂದವರೇ. ಹೊರಡುವಾಗ ಒಬ್ಬರು, "ದೇವರನ್ನ ನಂಬಿದವರು ಚಿಂತಿ ಮಾಡಬಾರದ್ರಿ ಅಕ್ಕಾರ" ಅಂದರು. ಅವ್ವ ಹೂಂ ಅಂದಳು. ಆಮೇಲೆ ಬಹಳ ಹೊತ್ತು ಮಾತೇ ಆಡಲಿಲ್ಲ. ಮೊದಲು ಬರೀ ಭಯ ಇತ್ತು. ಈಗ ಭಯಪಟ್ಟಿದ್ದೇ ಪಾಪ ಅನ್ನೋ ಸಂಕಟವೂ ಸೇರಿಕೊಂಡಿತು.

ಅವರು ಹೇಳಿದ ಮಾತು ಬೈಬಲಿನದ್ದೇ. ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಯಾವುದಕ್ಕೂ ಚಿಂತೆ ಮಾಡಬೇಡಿ ಅಂತ ಯೇಸುವಿನ ಸುವಾರ್ತೆ ಸಾರಿದ ಪೌಲ ಬರೆಯುತ್ತಾನೆ, ಅದೂ ಸೆರೆಯಲ್ಲಿದ್ದುಕೊಂಡು. ಆದರೆ ಅದೇ ಪತ್ರದ 2ನೇ ಅಧ್ಯಾಯವನ್ನು ನಾವು ಜಾಸ್ತಿ ಓದುವುದಿಲ್ಲ. ಫಿಲಿಪ್ಪಿಯವರ ಕಾಣಿಕೆ ತಂದ ಎಪಫ್ರೊದೀತನಿಗೆ ಕಾಯಿಲೆಯಾಗಿ ಸಾಯುವ ಹಾಗಾಗಿತ್ತು. ದೇವರು ಅವನನ್ನು ಕರುಣಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಅನ್ನುತ್ತಾನೆ ಪೌಲ. ಅವನನ್ನು ನಿಮ್ಮಲ್ಲಿಗೆ ಕಳಿಸಿದರೆ ನನ್ನ ಚಿಂತೆಯೂ ಕಡಿಮೆಯಾಗುತ್ತದೆ ಅಂತಲೂ ಬರೆಯುತ್ತಾನೆ. ಚಿಂತೆ ಬೇಡ ಅಂದವನಿಗೂ ಚಿಂತೆ ಇತ್ತು. ಅದನ್ನು ಅವನು ಮುಚ್ಚಿಡಲಿಲ್ಲ.

ಇದನ್ನೇ ಅವ್ವನಿಗೆ ಓದಿ ಹೇಳಿದೆ. ಬೈಬಲಿನ 13ನೇ ಕೀರ್ತನೆಯನ್ನೂ ಓದಿದೆ. ಇರುವುದೇ 6 ವಚನ. ಮೊದಲ ಎರಡರಲ್ಲೇ 4 ಸಲ 'ಎಷ್ಟರವರೆಗೆ' ಅಂತ ದೇವರನ್ನು ಕೇಳಿಬಿಡುತ್ತದೆ. ಕೊನೆಗೆ ನಿನ್ನ ಪ್ರೀತಿಯನ್ನೇ ನಂಬಿದ್ದೇನೆ ಅನ್ನುತ್ತದೆ. ನಡುವೆ ಉತ್ತರ ಬಂತು ಅಂತ ಎಲ್ಲೂ ಇಲ್ಲ. ಗೋಳು, ಭರವಸೆ ಎರಡೂ ಒಂದೇ ಬಾಯಲ್ಲಿ.

ಆಗ ಅವ್ವ ಬಾಯಿ ಬಿಟ್ಟಳು. "ನನಗ ಸಾಯೋದಕ್ಕ ಅಂಜಿಕಿ ಇಲ್ಲ. ನಿಮ್ಮಪ್ಪಗ ಎರಡೂ ಹೊತ್ತು ಇನ್ಸುಲಿನ್ ಚುಚ್ಚೋರು ಯಾರು? ಅವರಿಗೆ ಸಿರಿಂಜಿನ ಗೆರಿ ಕಾಣಂಗಿಲ್ಲ."

ಇಷ್ಟು ದಿನ ನಾವೆಲ್ಲ ಬೇರೇನೋ ಕೇಳಿಕೊಳ್ಳುತ್ತಿದ್ದೆವು, ಅಲ್ವಾ? ಇಂದು ಅದನ್ನೇ ಹೆಸರಿಟ್ಟು ದೇವರಿಗೆ ಹೇಳಿದೆವು. ನಿಮಗೆ ಬೇಕಾದದ್ದನ್ನು ದೇವರಿಗೆ ತಿಳಿಸಿ ಅಂತ ಪೌಲ ಹೇಳಿದ್ದೂ ಇದನ್ನೇ ಅಂತ ನನಗನ್ನಿಸುತ್ತದೆ. ಪ್ರಾರ್ಥನೆ ಮುಗಿಸಿ ಅವ್ವ ನನ್ನನ್ನು ಫ್ರಿಜ್ ಹತ್ತಿರ ಕರೆದಳು. ಸೀಸೆಯನ್ನು ಕುಲುಕಬಾರದು, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಸಿರಿಂಜಿನಲ್ಲಿ ಗಾಳಿಗುಳ್ಳೆ ಇದ್ದರೆ ಬೆರಳಿಂದ ತಟ್ಟಿ ತೆಗೆಯಬೇಕು. ನಿನ್ನೆ ಚುಚ್ಚಿದ ಜಾಗದಲ್ಲೇ ಇಂದೂ ಚುಚ್ಚಬಾರದು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮಡಚಿ ಹಿಡಿದು ಸೂಜಿ ಹಾಕಬೇಕು, ಔಷಧಿ ಹೋದ ಮೇಲೂ ಸ್ವಲ್ಪ ಹೊತ್ತು ತಡೆದು ತೆಗೆಯಬೇಕು. ರಾತ್ರಿಯ ಡೋಸ್ ನಾನೇ ಹಾಕಿದೆ. ಅಪ್ಪ ಕಿಟಕಿ ಕಡೆ ನೋಡುತ್ತಾ ಸುಮ್ನೆ ಕೂತಿದ್ದರು.

ರಿಪೋರ್ಟ್ ಒಳ್ಳೆಯದೇ ಬರುತ್ತದೆ ಅಂತ ನನಗೆ ದೇವರು ಹೇಳಿಲ್ಲ. ಹಾಗೆ ಹೇಳಿದ್ದಾನೆ ಅಂತ ಅವ್ವನಿಗೆ ಸುಳ್ಳು ಹೇಳುವುದೂ ಇಲ್ಲ. ಎಪಫ್ರೊದೀತ ವಾಸಿಯಾದ. ಆದರೆ ಪೌಲ ತನ್ನ ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಅನ್ನೋ ಊರಲ್ಲಿ ಬಿಟ್ಟುಬರಬೇಕಾಯಿತು ಅಂತ ತಿಮೊಥೆಯನಿಗೆ ಬರೆದ 2ನೇ ಪತ್ರದಲ್ಲಿದೆ. 'ದೇಹದ ಮುಳ್ಳು' ಅಂತ ತಾನೇ ಕರೆದ ಬಾಧೆ ಹೋಗಲಿ ಅಂತ ಪೌಲ 3 ಸಲ ಬೇಡಿಕೊಂಡ. ಅದು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ದೇವರ ಶಾಂತಿ ನಿಮ್ಮ ಹೃದಯಗಳನ್ನು ಕಾಯುತ್ತದೆ ಅಂತ ಫಿಲಿಪ್ಪಿಯವರಿಗೆ ಮಾತು ಕೊಟ್ಟಿದ್ದಾನೆ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಇದನ್ನು ಓದಿದವರು ನಮ್ಮ ಅವ್ವನಿಗಾಗಿ ಪ್ರಾರ್ಥನೆ ಮಾಡಿ. ಅಪ್ಪನಿಗಾಗಿಯೂ ಮಾಡಿ. ಅವರು ಏನೂ ಹೇಳಿಕೊಳ್ಳುವುದಿಲ್ಲ.